ಮಾಟ್ಲಿ ವಕೀಲಿ ಬಿಟ್ಟು ನ್ಯಾಯಾಧೀಶೆ ಆದದ್ದು ಲಾಭವೋ ನಷ್ಟವೋ?

ಕರಿಕೋಟು

ಮೊನ್ನೆ ಕೋರ್ಟಿನಲ್ಲಿ ನಮ್ಮ ವಕೀಲರ ಬಾರ್ ರೂಮಿನಲ್ಲಿ ಈ ಮಾತು ಶುರುವಾಗಿ ಅರ್ಧಕ್ಕೇ ನಿಂತಿತು. ಇಲ್ಲಿ ಮುಂದುವರಿಸೋಣ ಅಂತ ಹಾಕುತ್ತಿದ್ದೇನೆ. ಜನರ ಹಕ್ಕುಗಳಿಗಾಗಿ ಕೇಸು ನಡೆಸುವ ವಕೀಲರು ಚುನಾವಣೆ, ಸರ್ಕಾರಿ ಹುದ್ದೆ, ನ್ಯಾಯಪೀಠ ಅಂತ ಹೋಗಬೇಕಾ? ಹೋದರೆ ನಷ್ಟ ಯಾರಿಗೆ?

ನನ್ನ ಉದಾಹರಣೆ ಅಮೆರಿಕದ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ. ಅಲ್ಲಿನ ಕರಿಯರ ಹಕ್ಕಿಗಾಗಿ ಕೇಸು ನಡೆಸುತ್ತಿದ್ದ ಥರ್ಗುಡ್ ಮಾರ್ಷಲ್ ಹೆಸರು ಕಾನೂನು ಓದಿದವರಿಗೆಲ್ಲ ಗೊತ್ತು. ಅವರ ಕಚೇರಿಯಲ್ಲಿ 1945ರಿಂದ ದುಡಿದ ಈ ಹೆಂಗಸಿನ ಹೆಸರು ನಮ್ಮಲ್ಲಿ ಅಷ್ಟಾಗಿ ಯಾರೂ ಹೇಳುವುದಿಲ್ಲ.

ಹುಟ್ಟಿದ್ದು 1921ರಲ್ಲಿ, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಕೆರಿಬಿಯನ್ ಸಮುದ್ರದ ನೇವಿಸ್ ದ್ವೀಪದಿಂದ ಬಂದವರು. ಅಪ್ಪನದು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಗಳಲ್ಲಿ ಅಡುಗೆ ಕೆಲಸ. 12 ಮಕ್ಕಳಲ್ಲಿ ಈಕೆ 9ನೆಯವರು. ಹೈಸ್ಕೂಲ್ ಮುಗಿಸಿದ ಮೇಲೆ ಕಾಲೇಜಿಗೆ ದುಡ್ಡಿಲ್ಲ. ಊರಿನಲ್ಲಿ ಕರಿಯರಿಗೆಂದೇ ಕಟ್ಟಿದ ಒಂದು ಸಮುದಾಯ ಭವನ ಇತ್ತು. ಅಲ್ಲಿಗೆ ಜನ ಯಾಕೆ ಬರುತ್ತಿಲ್ಲ ಅಂತ ಒಂದು ಸಭೆ ನಡೆಯಿತು. ಈ ಹುಡುಗಿ ಎದ್ದು ನಿಂತು, ಭವನ ನಡೆಸುವವರಲ್ಲಿ ನಮ್ಮವರು ಒಬ್ಬರೂ ಇಲ್ಲ, ಅದಕ್ಕೇ ಯಾರೂ ಬರುತ್ತಿಲ್ಲ ಅಂದಳು. ಆ ಭವನಕ್ಕೆ ದುಡ್ಡು ಹಾಕಿದ ಬಿಳಿಯ ಶ್ರೀಮಂತ ಕ್ಲಾರೆನ್ಸ್ ಬ್ಲೇಕ್ಸ್ಲಿ ಅಲ್ಲೇ ಕೂತಿದ್ದರು. ಸಿಟ್ಟಾಗಲಿಲ್ಲ. ಕರೆದು ಮಾತಾಡಿಸಿ, ನಿನ್ನ ಓದಿನ ಖರ್ಚು ನನ್ನದು ಅಂದರು. ಹಾಗೆ ಫಿಸ್ಕ್, ಆಮೇಲೆ ನ್ಯೂಯಾರ್ಕ್ ವಿಶ್ವವಿದ್ಯಾಲಯ, ಕೊನೆಗೆ 1946ರಲ್ಲಿ ಕೊಲಂಬಿಯಾದಿಂದ ಕಾನೂನು ಪದವಿ.

ಶಾಲೆಗಳಲ್ಲಿ ಕರಿಯರನ್ನು ಬೇರೆ ಇಡುವುದು ತಪ್ಪು ಅಂತ ತೀರ್ಪು ಬಂದ 1954ರ ಬ್ರೌನ್ ಮೊಕದ್ದಮೆಯ ಮೂಲ ದಾವೆ ಬರೆಯುವುದರಲ್ಲಿ ಇವರ ಕೈ ಇತ್ತು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡಿದ ಮೊದಲ ಕರಿಯ ಮಹಿಳೆ ಇವರೇ. ಅಲ್ಲಿ 10 ಕೇಸು ವಾದಿಸಿ 9 ಗೆದ್ದರು. ಇಂಥವರು 1965ಕ್ಕೆ ವಕೀಲಿ ಬಿಟ್ಟು ಪೂರ್ತಿ ರಾಜಕೀಯಕ್ಕೆ ಹೋದರು. 1966ಕ್ಕೆ ಜಿಲ್ಲಾ ಮಟ್ಟದ ಫೆಡರಲ್, ಅಂದರೆ ಕೇಂದ್ರದ ಕೋರ್ಟಿನ, ನ್ಯಾಯಾಧೀಶೆ. 2005ರಲ್ಲಿ ತೀರಿಕೊಳ್ಳುವವರೆಗೂ ಅದೇ ಪೀಠ. ನನ್ನ ಪ್ರಕಾರ ಇದು ಕರಿಯರ ಹಕ್ಕುಗಳ ಚಳವಳಿಗೆ ಆದ ದೊಡ್ಡ ನಷ್ಟ. ಹೇಳಿ, ಏನಂತೀರಿ?

ತುಂಗಾತೀರ

ಹತ್ತಕ್ಕೆ ಒಂಬತ್ತು ಅನ್ನುವ ಲೆಕ್ಕ ಹಿಡಿದುಕೊಂಡರೆ ಮಾಟ್ಲಿ ಅರ್ಥವಾಗುವುದಿಲ್ಲ ಸಾರ್. ಅವರ ನಿಜವಾದ ಕೆಲಸ ನಡೆದದ್ದು ಕೆಳಗಿನ ಕೋರ್ಟುಗಳಲ್ಲಿ. ಅದೂ ಎದುರು ಕೂತ ಜಡ್ಜ್ ಮೊದಲೇ ತೀರ್ಮಾನ ಮಾಡಿಕೊಂಡು ಬಂದಿರುವ ಕೋರ್ಟುಗಳಲ್ಲಿ.

ಜೇಮ್ಸ್ ಮೆರೆಡಿತ್ ಕೇಸನ್ನೇ ನೋಡಿ. ವಾಯುಪಡೆಯಲ್ಲಿ ಕೆಲಸ ಮಾಡಿ ಬಂದ ಕರಿಯ ಯುವಕ. 1961ರ ಜನವರಿಯಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ. ಕರಿಯರಿಗೆ ಪ್ರವೇಶ ಇಲ್ಲ ಅಂತ ಅಲ್ಲಿ ಎಲ್ಲೂ ಬರೆದಿರಲಿಲ್ಲ. ಬರೆದಿದ್ದರೆ ಕೇಸು ಒಂದೇ ದಿನಕ್ಕೆ ಮುಗಿಯುತ್ತಿತ್ತು. ಅದರ ಬದಲು, ಅರ್ಜಿ ಹಾಕುವವರು ಅದೇ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳಿಂದ ಶಿಫಾರಸು ಪತ್ರ ತರಬೇಕು ಅಂತ ಒಂದು ನಿಯಮ ಇತ್ತು. ಹಳೆಯ ವಿದ್ಯಾರ್ಥಿಗಳೆಲ್ಲ ಬಿಳಿಯರು. ಯಾವ ಬಿಳಿಯ ಮಿಸಿಸಿಪ್ಪಿಯಲ್ಲಿ ಕರಿಯ ಹುಡುಗನಿಗೆ ಪತ್ರ ಬರೆದುಕೊಡುತ್ತಾನೆ? ಆ ನಿಯಮ ಬಂದದ್ದು ಯಾವಾಗ ಗೊತ್ತಾ? ಬ್ರೌನ್ ತೀರ್ಪು ಬಂದ ಕೆಲವೇ ತಿಂಗಳಲ್ಲಿ.

ಮೇ 31ಕ್ಕೆ ಮಾಟ್ಲಿ ದಾವೆ ಹೂಡಿದರು. ಆಮೇಲೆ ಶುರು ವಾಯಿದೆ ಮೇಲೆ ವಾಯಿದೆ. ಎದುರು ಪಕ್ಷದ ವಕೀಲರಿಗೆ ಒಂದು ಸಲ ಹುಷಾರಿಲ್ಲ, ಇನ್ನೊಂದು ಸಲ ಬೇರೆ ಕೆಲಸ. ಮೆರೆಡಿತ್ ಅಷ್ಟರಲ್ಲಿ ಜಾಕ್ಸನ್ ನಗರದ ಕರಿಯರ ಕಾಲೇಜಿನಲ್ಲಿ ಓದುತ್ತಿದ್ದ. ಒಂದೊಂದು ಅವಧಿ ಕಳೆದ ಹಾಗೂ ಅವನ ಪದವಿ ಅಲ್ಲೇ ಮುಗಿದುಹೋದೀತು ಅನ್ನುವ ಭಯ. ಪದವಿ ಮುಗಿದರೆ ಕೇಸಿಗೆ ಜೀವವೇ ಇಲ್ಲ. ಎಳೆದಾಟದ ಉದ್ದೇಶವೇ ಅದು.

ಮಾಟ್ಲಿ ಮಾಡಿದ್ದು ಇಷ್ಟೇ. ವಿಶ್ವವಿದ್ಯಾಲಯದ ಅಧಿಕಾರಿಗಳನ್ನು ಒಬ್ಬೊಬ್ಬರಾಗಿ ಕಟಕಟೆಗೆ ಹತ್ತಿಸಿ, ನೀವು ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ಅಷ್ಟು ವರ್ಷದಲ್ಲಿ ಕ್ಯಾಂಪಸ್‌ನಲ್ಲಿ ಒಬ್ಬ ಕರಿಯ ವಿದ್ಯಾರ್ಥಿಯನ್ನಾದರೂ ನೋಡಿದ್ದೀರಾ ಅಂತ ಕೇಳುತ್ತಾ ಹೋದರು. ನಿಧಾನವಾಗಿ, ದನಿ ಏರಿಸದೆ. ಇಡೀ ರಾಜ್ಯಕ್ಕೆ ಗೊತ್ತಿದ್ದ ವಿಷಯ ನಮಗೆ ಮಾತ್ರ ಗೊತ್ತೇ ಇಲ್ಲ ಅನ್ನುವ ಹಾಗೆ ಅವರು ಉತ್ತರ ಕೊಟ್ಟರು. ಆ ಉತ್ತರಗಳೆಲ್ಲ ದಾಖಲೆಗೆ ಹೋದವು. ಜಡ್ಜ್ ಸಿಡ್ನಿ ಮೈಜ್, ಜನಾಂಗದ ಕಾರಣಕ್ಕೆ ಅರ್ಜಿ ತಿರಸ್ಕರಿಸಿಲ್ಲ ಅಂತ ತೀರ್ಪು ಕೊಟ್ಟರು. ಪರವಾಗಿಲ್ಲ. ಮೇಲ್ಮನವಿ ನ್ಯಾಯಾಲಯದ ಜಾನ್ ಮೈನರ್ ವಿಸ್ಡಮ್ ಅದೇ ದಾಖಲೆ ಓದಿ 1962ರ ಜೂನ್‌ನಲ್ಲಿ ಅದನ್ನು ತಲೆಕೆಳಗು ಮಾಡಿದರು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಅದೇ ಮೇಲ್ಮನವಿ ನ್ಯಾಯಾಲಯದ ಬೆನ್ ಕ್ಯಾಮರೂನ್ ಅನ್ನುವ ಇನ್ನೊಬ್ಬ ಜಡ್ಜ್ ಒಂದರ ಮೇಲೆ ಒಂದು ನಾಲ್ಕು ತಡೆಯಾಜ್ಞೆ ಕೊಟ್ಟರು. ಆ ಪೀಠದಲ್ಲಿ ಅವರು ಕೂತೇ ಇರಲಿಲ್ಲ! ಕೊನೆಗೆ ಸೆಪ್ಟೆಂಬರ್ 10ಕ್ಕೆ ಸುಪ್ರೀಂ ಕೋರ್ಟಿನ ಹ್ಯೂಗೋ ಬ್ಲ್ಯಾಕ್ ಎಲ್ಲವನ್ನೂ ತೆಗೆದುಹಾಕಿದರು. ಹ್ಯೂಗೋ ಬ್ಲ್ಯಾಕ್ ಸ್ವತಃ ಪಕ್ಕದ ಅಲಬಾಮಾದವರು.

ಬೆಣ್ಣೆದೋಸೆ

ಪೀಠದಲ್ಲಿ ಇಲ್ಲದ ಜಡ್ಜು ನಾಲ್ಕು ಸಲ ತಡೆಯಾಜ್ಞೆ! ನಮ್ಮ ಅಜ್ಜನ ಜಮೀನು ಕೇಸು ಇದರ ಮುಂದೆ ಎಕ್ಸ್‌ಪ್ರೆಸ್ ರೈಲು.

ಸೀರಿಯಸ್ ಆಗಿ ಕೇಳುತ್ತಿದ್ದೇನೆ, ಆ ಊರಿನಲ್ಲಿ ಅವರು ಉಳಿದುಕೊಳ್ಳುತ್ತಿದ್ದುದು ಎಲ್ಲಿ? ಹೋಟೆಲಿಗೆ ಬಿಡುತ್ತಿದ್ದರಾ?

ತುಂಗಾತೀರ

ಒಳ್ಳೆ ಪ್ರಶ್ನೆ. ಬಿಳಿಯರ ಹೋಟೆಲಿಗೆ ಪ್ರವೇಶ ಇಲ್ಲ. ಸ್ಥಳೀಯ ಕರಿಯರ ಮನೆಗಳೇ ಗತಿ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ಹೋದಾಗ ಆರ್ಥರ್ ಶೋರ್ಸ್ ಅನ್ನುವ ವಕೀಲರ ಮನೆ. 1963ರಲ್ಲಿ ಆ ಮನೆಗೆ ಎರಡು ಸಲ ಬಾಂಬ್ ಬಿತ್ತು.

ಮಿಸಿಸಿಪ್ಪಿಯಲ್ಲಿ ಅವರನ್ನು ಕಾರಿನಲ್ಲಿ ಕರೆದುಕೊಂಡು ಓಡಾಡುತ್ತಿದ್ದವರು ಅಲ್ಲಿನ ಕರಿಯರ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್. ಒಂದು ಸಲ ಮಾಟ್ಲಿ ಕಾರಿನಲ್ಲಿ ಕೂತು ಹಳದಿ ಕಾಗದದ ಪ್ಯಾಡಿನಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ವಕೀಲರು ಬಳಸುವ ಆ ಉದ್ದ ಪ್ಯಾಡ್ ಇದೆಯಲ್ಲ, ಅದು. ಎವರ್ಸ್ ಮೆಲ್ಲಗೆ, ಅದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಒಳಗೆ ಇಟ್ಟುಬಿಡಿ, ಹಿಂದೆ ತಿರುಗಿ ನೋಡಬೇಡಿ ಅಂದರಂತೆ. ಹಿಂದೆ ಪೊಲೀಸರ ಕಾರು. ಬಂದಿರುವವರು ವಕೀಲರು ಅಂತ ಗೊತ್ತಾಗುವುದೇ ಅಪಾಯ! 1963ರ ಜೂನ್ 12ರಂದು ಎವರ್ಸ್ ಅವರನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಮನೆಯೊಳಗೆ ಹೆಂಡತಿ, ಮಕ್ಕಳು.

ಕರಿಕೋಟು ಅವರೇ, 1965ಕ್ಕೆ ಯಾಕೆ ಬಿಟ್ಟರು ಅಂತ ಕೇಳುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮನೆಯಲ್ಲಿ 1952ರಲ್ಲಿ ಹುಟ್ಟಿದ ಮಗ ಬೇರೆ ಇದ್ದ.

ಹಳೇಮೈಸೂರು

ಎಲ್ಲರೂ ಮಿಸಿಸಿಪ್ಪಿ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಒಂದು ತಾರೀಖು ಹೇಳುತ್ತೇನೆ. ಮೆರೆಡಿತ್ ಕ್ಯಾಂಪಸ್ಸಿಗೆ ಬಂದು ಗಲಭೆ ಎದ್ದದ್ದು 1962ರ ಸೆಪ್ಟೆಂಬರ್ 30ರ ರಾತ್ರಿ. ಇಬ್ಬರು ಸತ್ತರು, 160ಕ್ಕೂ ಹೆಚ್ಚು ಫೆಡರಲ್ ಮಾರ್ಷಲ್‌ಗಳಿಗೆ (ಕೇಂದ್ರ ಕೋರ್ಟುಗಳ ಪೊಲೀಸರಿಗೆ) ಗಾಯ. ಸೈನ್ಯ ಕರೆಸಬೇಕಾಯಿತು. ಮಾರನೇ ದಿನ ಅಕ್ಟೋಬರ್ 1ಕ್ಕೆ ಹುಡುಗ ಕಾಲೇಜಿಗೆ ಸೇರಿದ.

ಅದಕ್ಕೆ ಎರಡೇ ದಿನ ಮುಂಚೆ, ಸೆಪ್ಟೆಂಬರ್ 28ಕ್ಕೆ, ದೆಹಲಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎಂ.ಆರ್. ಬಾಲಾಜಿ ವಿರುದ್ಧ ಮೈಸೂರು ರಾಜ್ಯ ಕೇಸಿನ ತೀರ್ಪು ಕೊಟ್ಟಿತು. ಅದೂ ಕಾಲೇಜು ಪ್ರವೇಶದ್ದೇ. ಹಿಂದುಳಿದ ವರ್ಗಗಳ ಬಗ್ಗೆ ನಾಗನಗೌಡ ಸಮಿತಿ ವರದಿ ಆದ ಮೇಲೆ ಮೈಸೂರು ಸರ್ಕಾರ ಜುಲೈ 31ಕ್ಕೆ ಆದೇಶ ಹೊರಡಿಸಿತ್ತು. ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ 68 ಶೇಕಡ ಮೀಸಲು. ಕೋರ್ಟು ಅದನ್ನು ಹೊಡೆದುಹಾಕಿತು. ಮೀಸಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಅನ್ನುವ ಮಾತು ಬಂದದ್ದು ಆ ತೀರ್ಪಿನಿಂದಲೇ. ಇವತ್ತಿಗೂ ನಾವು ಅದರ ಸುತ್ತಲೇ ಸುತ್ತುತ್ತಿದ್ದೇವೆ.

ಒಂದೇ ವಾರ. ಎರಡು ದೇಶ. ಎರಡೂ ಕಡೆ ಪ್ರಶ್ನೆ ಒಂದೇ, ಕಾಲೇಜಿನ ಬಾಗಿಲು ಯಾರಿಗೆ?

ಪ್ರಶ್ನೆಪತ್ರಿಕೆ

ಕಾನೂನು 4ನೇ ವರ್ಷದ ವಿದ್ಯಾರ್ಥಿನಿ. ಹಳೇಮೈಸೂರು ಸಾರ್, ತಾರೀಖು ಚೆನ್ನಾಗಿದೆ, ಆದರೆ ಪ್ರಶ್ನೆ ಒಂದೇ ಅನ್ನುವುದನ್ನು ನಾನು ಒಪ್ಪಲ್ಲ. ಮಿಸಿಸಿಪ್ಪಿಯಲ್ಲಿ ರಾಜ್ಯ ಸರ್ಕಾರ ಬಾಗಿಲು ಮುಚ್ಚಿ ನಿಂತಿತ್ತು, ಕೋರ್ಟು ತೆರೆಸಿತು. ಮೈಸೂರಿನಲ್ಲಿ ಸರ್ಕಾರ ಹಿಂದುಳಿದವರಿಗೆ ಬಾಗಿಲು ಜಾಸ್ತಿ ತೆರೆಯಿತು, ಕೋರ್ಟು ಅರ್ಧಕ್ಕೆ ನಿಲ್ಲಿಸಿತು. ಕೋರ್ಟಿಗೆ ಹೋದವರೂ ಬೇರೆ ಬೇರೆ ಕಡೆಯವರು. ಎರಡನ್ನೂ ಒಂದೇ ಫ್ರೇಮಿಗೆ ಹಾಕಿದರೆ ಹಕ್ಕುಗಳ ಪರ ಯಾರು ನಿಂತರು ಅನ್ನುವುದೇ ಮರೆಯಾಗುತ್ತೆ ಅಲ್ವಾ?

ಹಳೇಮೈಸೂರು

ಮಗಳೇ, ಸರಿಯಾಗಿ ಹಿಡಿದೆ. ನಾನು ಹೇಳಲು ಹೊರಟದ್ದೂ ಅದರ ಹತ್ತಿರದ್ದೇ. ಕೋರ್ಟು ಅನ್ನುವುದು ತಾನಾಗಿ ಯಾರ ಪರವೂ ಅಲ್ಲ. ಒಳಗೆ ಯಾವ ದಾಖಲೆ ಹೋಗುತ್ತೆ, ಪೀಠದಲ್ಲಿ ಯಾರು ಕೂತಿದ್ದಾರೆ, ಅದರ ಮೇಲೆ ಹೋಗುತ್ತೆ. ಹಾಗಾಗಿ ಮಾಟ್ಲಿ ಪೀಠಕ್ಕೆ ಹೋದದ್ದು ನಷ್ಟ ಅಂತ ನನಗೆ ಅನ್ನಿಸುವುದಿಲ್ಲ. ವಿಸ್ಡಮ್ ಥರದ ಒಬ್ಬ ಜಡ್ಜ್ ಅಲ್ಲಿ ಇಲ್ಲದಿದ್ದರೆ ಅಷ್ಟು ಕಟ್ಟಿದ ದಾಖಲೆ ಏನಾಗುತ್ತಿತ್ತು?

ಕರಿಕೋಟು

ಚರ್ಚೆ ಚೆನ್ನಾಗಿ ಹೋಗುತ್ತಿದೆ. ಆದರೆ ಯಾರೂ 1961ರ ವಿಷಯ ಎತ್ತಲಿಲ್ಲ.

ಆ ವರ್ಷ ಮಾರ್ಷಲ್ ಅವರನ್ನು ಅಧ್ಯಕ್ಷ ಕೆನೆಡಿ ಮೇಲ್ಮನವಿ ನ್ಯಾಯಾಲಯಕ್ಕೆ ಹೆಸರಿಸಿದರು. ಅವರ ಜಾಗಕ್ಕೆ ಯಾರು? ಕಚೇರಿಯಲ್ಲಿ ಮಾಟ್ಲಿ 1945ರಿಂದ ಇದ್ದರು. ಮಾರ್ಷಲ್ ಆರಿಸಿದ್ದು ಜ್ಯಾಕ್ ಗ್ರೀನ್‌ಬರ್ಗ್ ಅವರನ್ನು. ಬಿಳಿಯರು, ಗಂಡಸು, ಮಾಟ್ಲಿಗಿಂತ ನಾಲ್ಕು ವರ್ಷ ನಂತರ ಸೇರಿದವರು. ಗ್ರೀನ್‌ಬರ್ಗ್ ಒಳ್ಳೆ ವಕೀಲರೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಮಾಟ್ಲಿಗೆ ಬೇಸರ ಆಯಿತು, ತಮ್ಮ ಆತ್ಮಕಥೆಯಲ್ಲಿ ಅದನ್ನು ಮುಚ್ಚಿಟ್ಟಿಲ್ಲ. ಇಡೀ ದೇಶದಲ್ಲಿ ತಾರತಮ್ಯದ ವಿರುದ್ಧ ಹೋರಾಡುವ ಕಚೇರಿಯ ಒಳಗೇ ಹೆಂಗಸಿಗೆ ಮೇಲಿನ ಕುರ್ಚಿ ಸಿಗಲಿಲ್ಲ.

ಅಂದರೆ ಅವರು ರಾಜಕೀಯಕ್ಕೆ ಹೋದದ್ದು ಆಯ್ಕೆಯಾ, ಇಲ್ಲಾ ದಾರಿ ಮುಚ್ಚಿದ್ದಕ್ಕಾ? ನಷ್ಟ ಅಂತ ನಾನು ಹೇಳುವುದು ಅವರನ್ನು ಬೈಯುವುದಕ್ಕಲ್ಲ. ಆ ಸಂಸ್ಥೆ ಅವರನ್ನು ಕಳೆದುಕೊಂಡಿತು ಅಂತ.

ಹಡ್ಸನ್ ದಂಡೆ

ನಾನು ಇರುವುದು ನ್ಯೂಜೆರ್ಸಿ, ಕೆಲಸ ಮ್ಯಾನ್‌ಹ್ಯಾಟನ್‌ನಲ್ಲಿ. 2024ರ ಜನವರಿ ಕೊನೆಯಲ್ಲಿ ಇಲ್ಲಿನ ಅಂಚೆ ಇಲಾಖೆ ಮಾಟ್ಲಿ ಚಿತ್ರದ ಸ್ಟಾಂಪ್ ಹೊರಡಿಸಿತು. ಆಗ ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿದ್ದವರಿಗೇ ಇವರು ಯಾರು ಅಂತ ಗೊತ್ತಿರಲಿಲ್ಲ. ನನ್ನನ್ನೂ ಸೇರಿಸಿ.

ರಾಜಕೀಯದ ಭಾಗ ಚಿಕ್ಕದು, ಬೇಗ ಹೇಳುತ್ತೇನೆ. 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಟ್‌ಗೆ ಆಯ್ಕೆ, ಅಲ್ಲಿ ಕೂತ ಮೊದಲ ಕರಿಯ ಮಹಿಳೆ. 1965ರಲ್ಲಿ ಮ್ಯಾನ್‌ಹ್ಯಾಟನ್ ಬರೋ (ನ್ಯೂಯಾರ್ಕ್ ನಗರದ ಒಂದು ವಿಭಾಗ) ಅಧ್ಯಕ್ಷೆ, ಆ ಹುದ್ದೆಗೆ ಬಂದ ಮೊದಲ ಮಹಿಳೆ. ನಮ್ಮ ಮೇಯರ್ ಥರ ಅಲ್ಲ. ಆದರೆ ಆಗ ಈ ಹುದ್ದೆಗೆ ನಗರದ ಬಜೆಟ್ ಮೇಲೆ ಮತ ಹಾಕುವ ಅಧಿಕಾರ ಇತ್ತು. ಹಾಗಾಗಿ ಕರಿಯರ ಬಡಾವಣೆ ಹಾರ್ಲೆಮ್‌ನ ಶಾಲೆ, ಮನೆಗಳ ವಿಷಯದಲ್ಲಿ ಬರೀ ಭಾಷಣ ಮಾಡಿ ಸುಮ್ಮನಾಗಬೇಕಿರಲಿಲ್ಲ.

1966ರ ಜನವರಿಯಲ್ಲಿ ಅಧ್ಯಕ್ಷ ಜಾನ್ಸನ್ ಇವರನ್ನು ಫೆಡರಲ್ ನ್ಯಾಯಾಧೀಶೆ ಅಂತ ಹೆಸರಿಸಿದರು. ಸೆನೆಟ್‌ನಲ್ಲಿ ನ್ಯಾಯಾಂಗ ಸಮಿತಿಯ ಅಧ್ಯಕ್ಷ ಯಾರು? ಮಿಸಿಸಿಪ್ಪಿಯ ಜೇಮ್ಸ್ ಈಸ್ಟ್‌ಲ್ಯಾಂಡ್! ಮೆರೆಡಿತ್ ಕೇಸು ಗೆದ್ದ ವಕೀಲೆಯ ಕಡತ ಅವರ ಮೇಜಿಗೇ ಹೋಯಿತು. ಕಮ್ಯುನಿಸ್ಟ್ ಅನ್ನುವ ಆರೋಪ ಹೊರಿಸಿ ಏಳು ತಿಂಗಳು ಎಳೆದರು. ಆಗಸ್ಟ್ 30ಕ್ಕೆ ಒಪ್ಪಿಗೆ ಸಿಕ್ಕಿತು. ದೇಶದ ಮೊದಲ ಕರಿಯ ಮಹಿಳಾ ಫೆಡರಲ್ ನ್ಯಾಯಾಧೀಶೆ. ಪೀಠಕ್ಕೆ ಹೋಗದಂತೆ ಈಸ್ಟ್‌ಲ್ಯಾಂಡ್ ಇಷ್ಟು ಕಷ್ಟಪಟ್ಟರು ಅಂದರೆ, ಅಲ್ಲಿ ಕೂತರೆ ಏನೋ ಬದಲಾಗುತ್ತೆ ಅಂತ ಅವರಿಗಾದರೂ ಅನ್ನಿಸಿರಬೇಕು ಅಲ್ವಾ?

ಬೆಣ್ಣೆದೋಸೆ

ಈಸ್ಟ್‌ಲ್ಯಾಂಡ್ ಸಾಹೇಬರೇ ಕರಿಕೋಟು ವಾದಕ್ಕೆ ಎದುರು ಸಾಕ್ಷಿ. ಪಾಟಿ ಸವಾಲು ಇದೆಯಾ?

ಕರಿಕೋಟು

ಇದೆ. ಪೀಠಕ್ಕೆ ಹೋದ ಮೇಲೆ ಬದಲಾದದ್ದೇನು, ಒಂದು ಕೇಸು ಹೇಳಿ. ಮಾರ್ಷಲ್ 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು, ಅವರ ಭಿನ್ನಮತದ ತೀರ್ಪುಗಳನ್ನು ಇವತ್ತಿಗೂ ಓದುತ್ತೇವೆ. ಜಿಲ್ಲಾ ಮಟ್ಟದ ಜಡ್ಜ್ ಮೇಲಿನವರು ಹೇಳಿದಂತೆ ನಡೆಯಬೇಕು. ವಕೀಲೆಯಾಗಿ ಮಾಟ್ಲಿ ಕಾನೂನನ್ನೇ ಮುಂದಕ್ಕೆ ದಬ್ಬಿದರು.

ಬೌಂಡರಿ ಲೈನ್

ನಾನು ಕಾನೂನಿನವನಲ್ಲ, ಕ್ರೀಡಾ ವರದಿ ಬರೆಯುವವನು. ನಮ್ಮ ಕಡೆಯಿಂದ ಒಂದು ಕೇಸು ಇದೆ.

1977ರ ಬೇಸ್‌ಬಾಲ್ ವರ್ಲ್ಡ್ ಸೀರೀಸ್, ಯಾಂಕೀ ಸ್ಟೇಡಿಯಂ. ಮೆಲಿಸಾ ಲಡ್ಕಿ ಅನ್ನುವ ವರದಿಗಾರ್ತಿಗೆ ಆಟಗಾರರ ಡ್ರೆಸ್ಸಿಂಗ್ ರೂಮಿಗೆ ಪ್ರವೇಶ ಇಲ್ಲ ಅಂದರು ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್. ಗಂಡಸು ವರದಿಗಾರರೆಲ್ಲ ಪಂದ್ಯ ಮುಗಿದ ತಕ್ಷಣ ಒಳಗೆ ಹೋಗಿ ಆಟಗಾರರನ್ನು ಮಾತಾಡಿಸುತ್ತಾರೆ. ಈಕೆ ಹೊರಗೆ ಕಾರಿಡಾರಿನಲ್ಲಿ ನಿಂತು, ಯಾರಾದರೂ ಹೊರಗೆ ಬಂದಾರು ಅಂತ ಕಾಯಬೇಕು. ನಮ್ಮ ಕೆಲಸ ಗೊತ್ತಿದ್ದವರಿಗೆ ಇದು ಎಂಥ ಹೊಡೆತ ಅಂತ ಅರ್ಥವಾಗುತ್ತೆ. ಪಂದ್ಯ ಮುಗಿದ ಮೊದಲ ಹತ್ತು ನಿಮಿಷದಲ್ಲಿ ಆಟಗಾರ ಹೇಳುವ ಮಾತೇ ಸುದ್ದಿ. ಆಮೇಲೆ ಸಿಗುವುದು ಬರೀ ಒಣ ಹೇಳಿಕೆ.

ಕೇಸು ಬಂದದ್ದು ಮಾಟ್ಲಿ ಮುಂದೆ. ಆಟಗಾರರ ಮರ್ಯಾದೆ ಅಂತ ಎದುರು ಪಕ್ಷ ವಾದ ಮಾಡಿತು. ಅದಕ್ಕೆ ಟವೆಲ್ ಇದೆ, ಪರದೆ ಹಾಕಬಹುದು, ಹೆಂಗಸನ್ನು ಹೊರಗಿಡುವುದೊಂದೇ ದಾರಿ ಅಲ್ಲ ಅಂದರು. 1978ರ ಸೆಪ್ಟೆಂಬರ್‌ನಲ್ಲಿ ತೀರ್ಪು. ಪತ್ರಿಕೆಗಳಲ್ಲಿ ಲಡ್ಕಿಯನ್ನು ಗೇಲಿ ಮಾಡಿದ ಕಾರ್ಟೂನುಗಳು ಎಷ್ಟೋ. ಆದರೆ ಇವತ್ತು ಅಲ್ಲಿ ಹೆಣ್ಣುಮಕ್ಕಳು ವರದಿ ಮಾಡುತ್ತಿರುವುದಕ್ಕೆ ಆ ತೀರ್ಪೂ ಒಂದು ಕಾರಣ.

ತುಂಗಾತೀರ

ಬೌಂಡರಿ ಲೈನ್, ನೀವು ಹೇಳದ ಒಂದು ತುಣುಕು ವಕೀಲರಿಗೆ ಇಷ್ಟವಾಗುತ್ತೆ. ಯಾಂಕೀಸ್ ಖಾಸಗಿ ತಂಡ. ಖಾಸಗಿಯವರ ಮೇಲೆ ಸಂವಿಧಾನದ ಸಮಾನತೆಯ ಹಕ್ಕನ್ನು ಹೇರುವುದು ಹೇಗೆ? ಸ್ಟೇಡಿಯಂ ನ್ಯೂಯಾರ್ಕ್ ನಗರದ್ದು, ತಂಡಕ್ಕೆ ಗುತ್ತಿಗೆಗೆ ಕೊಟ್ಟದ್ದು. ಹಾಗಾಗಿ ಇಲ್ಲಿ ಸರ್ಕಾರದ ಕೈ ಇದೆ ಅಂದರು ಮಾಟ್ಲಿ. ಅದಕ್ಕೆ ಆಧಾರ ಮಾಡಿಕೊಂಡದ್ದು 1961ರ ಬರ್ಟನ್ ತೀರ್ಪು. ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ ಸಾರ್ವಜನಿಕ ಪಾರ್ಕಿಂಗ್ ಕಟ್ಟಡದಲ್ಲಿದ್ದ ಕಾಫಿ ಹೋಟೆಲು ಕರಿಯ ಗಿರಾಕಿಗೆ ಊಟ ಕೊಡಲಿಲ್ಲ ಅನ್ನುವ ಕೇಸು ಅದು. ವರ್ಣಭೇದದ ವಿರುದ್ಧ ಬಂದ ತೀರ್ಪನ್ನು ಹದಿನೇಳು ವರ್ಷ ಆದ ಮೇಲೆ ಹೆಣ್ಣುಮಕ್ಕಳ ಕೆಲಸದ ಹಕ್ಕಿಗೆ ಜೋಡಿಸಿದರು. ಕಾನೂನನ್ನು ಮುಂದಕ್ಕೆ ದಬ್ಬುವುದು ಅಂದರೆ ಇದೂ ಅಲ್ವಾ ಕರಿಕೋಟು?

ಇನ್ನೊಂದು, ಇದು ನನಗೆ ಹೆಚ್ಚು ಇಷ್ಟವಾದ ಕೇಸು. ಮಾರ್ಟಿನ್ ಸೋಸ್ಟ್ರೆ ಅನ್ನುವ ಕೈದಿ. ಬಫಲೋದಲ್ಲಿ ಪುಸ್ತಕದಂಗಡಿ ಇಟ್ಟಿದ್ದವರು, ತೀವ್ರ ರಾಜಕೀಯ ವಿಚಾರದವರು. ಜೈಲಿನಲ್ಲಿ 372 ದಿನ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. 1970ರಲ್ಲಿ ಮಾಟ್ಲಿ ತೀರ್ಪು ಬರೆಯುವಾಗ ದಿನದ ಲೆಕ್ಕ ಹಾಕಿದರು. ಒಂದೊಂದು ದಿನಕ್ಕೂ 25 ಡಾಲರ್ ಪರಿಹಾರ, ಅದರ ಮೇಲೆ ದಿನಕ್ಕೆ 10 ಡಾಲರ್ ದಂಡ. ಒಟ್ಟು 13,020 ಡಾಲರ್. ಕೈದಿಯ ಒಂದು ದಿನಕ್ಕೂ ಬೆಲೆ ಇದೆ ಅಂತ ಆದೇಶದಲ್ಲಿ ಅಂಕಿ ಸಮೇತ ಬರೆದರು.

ಕರಿಕೋಟು

ಸೋಸ್ಟ್ರೆ ಕೇಸು ಪೂರ್ತಿ ಹೇಳಿ. 1971ರಲ್ಲಿ ಮೇಲ್ಮನವಿಯಲ್ಲಿ ಅದರ ರೆಕ್ಕೆ ಕತ್ತರಿಸಿದರು. ಒಂಟಿ ಕೋಣೆಯ ಶಿಕ್ಷೆಯೇ ಸಂವಿಧಾನಕ್ಕೆ ವಿರುದ್ಧ ಅಂತ ಹೇಳಲು ಆಗಲ್ಲ ಅಂದರು, ದಂಡದ ಹಣವನ್ನೂ ತೆಗೆದುಹಾಕಿದರು. ನಾನು ಹೇಳುತ್ತಿರುವುದೂ ಇದನ್ನೇ. ಕೆಳಗಿನ ಪೀಠದಲ್ಲಿ ಕೂತವರ ಕೈ ಉದ್ದ ಇಷ್ಟೇ.

ಇನ್ನೊಂದು ಕಡೆಯಿಂದ ನೋಡಿ. ಮಾಟ್ಲಿ ಸೋತ ಆ ಹತ್ತನೇ ಕೇಸು 1965ರ ಸ್ವೇನ್ ವಿರುದ್ಧ ಅಲಬಾಮಾ. ಜ್ಯೂರಿಯಿಂದ, ಅಂದರೆ ತಪ್ಪಿತಸ್ಥನೋ ಅಲ್ಲವೋ ಅಂತ ಹೇಳುವ ಸಾಮಾನ್ಯ ಜನರ ಗುಂಪಿನಿಂದ, ಕರಿಯರನ್ನು ಕಾರಣ ಕೊಡದೆ ತೆಗೆದುಹಾಕುವ ಸರ್ಕಾರಿ ವಕೀಲರ ಪದ್ಧತಿಯನ್ನು ಅವರು ಪ್ರಶ್ನಿಸಿದ್ದರು. ಅದು ತಪ್ಪು ಅಂತ ಸುಪ್ರೀಂ ಕೋರ್ಟ್ ಒಪ್ಪಿಕೊಂಡದ್ದು 1986ರ ಬ್ಯಾಟ್ಸನ್ ಕೇಸಿನಲ್ಲಿ. ಇಪ್ಪತ್ತೊಂದು ವರ್ಷ! ಆ ನಡುವೆ ಬಿಳಿಯರೇ ತುಂಬಿದ ಜ್ಯೂರಿಗಳು ಎಷ್ಟು ಕರಿಯರಿಗೆ ಶಿಕ್ಷೆ ಕೊಟ್ಟವು? ಮಾಟ್ಲಿ ವಕೀಲೆಯಾಗಿಯೇ ಉಳಿದಿದ್ದರೆ ಇಷ್ಟು ಕಾಯಬೇಕಾಗುತ್ತಿತ್ತಾ ಅಂತ ನನ್ನ ಪ್ರಶ್ನೆ.

ತುಂಗಾತೀರ

ರೆಕ್ಕೆ ಕತ್ತರಿಸಿದರು, ನಿಜ. ಆದರೆ ಸೋಸ್ಟ್ರೆಗೆ ಅವರ ರಾಜಕೀಯ ನಂಬಿಕೆಗೆ, ಕೋರ್ಟಿಗೆ ಹೋದದ್ದಕ್ಕೆ ಶಿಕ್ಷೆ ಕೊಟ್ಟದ್ದು ತಪ್ಪು ಅನ್ನುವ ಭಾಗ ಉಳಿಯಿತು. ಸ್ವೇನ್ ಬಗ್ಗೆ ನೀವು ಕೇಳುವ ಪ್ರಶ್ನೆಗೆ ಉತ್ತರ ಯಾರ ಹತ್ತಿರವೂ ಇಲ್ಲ. ಮಾಟ್ಲಿ ಉಳಿದಿದ್ದರೂ ಅದೇ ಒಂಬತ್ತು ಜಡ್ಜ್‌ಗಳ ಮುಂದೆ ನಿಲ್ಲಬೇಕಿತ್ತು.

ಹಳೇಮೈಸೂರು

ಪೀಠದಲ್ಲಿ ಕೂತದ್ದಕ್ಕೇ ಒಂದು ಕೇಸು ನಡೆಯಿತು, ಅದನ್ನು ಬಿಟ್ಟುಬಿಟ್ಟಿರಿ. 1975, ಬ್ಲ್ಯಾಂಕ್ ವಿರುದ್ಧ ಸಲಿವನ್ ಆಂಡ್ ಕ್ರಾಮ್‌ವೆಲ್. ವಾಲ್ ಸ್ಟ್ರೀಟಿನ ದೊಡ್ಡ ವಕೀಲರ ಸಂಸ್ಥೆ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದರಲ್ಲಿ ತಾರತಮ್ಯ ಮಾಡುತ್ತಿದೆ ಅನ್ನುವ ದಾವೆ. ಸಂಸ್ಥೆಯವರು, ಮಾಟ್ಲಿ ಈ ಕೇಸು ಕೇಳಬಾರದು, ಅವರು ಹೆಂಗಸು, ಮೇಲಾಗಿ ಹಿಂದೆ ತಾರತಮ್ಯದ ಕೇಸು ನಡೆಸಿದವರು ಅಂದರು.

ಮಾಟ್ಲಿ ಒಪ್ಪಲಿಲ್ಲ. ಅವರ ಉತ್ತರದ ಸಾರ ಇಷ್ಟು. ಹುಟ್ಟು, ಲಿಂಗ, ಹಿಂದೆ ಮಾಡಿದ ಕೆಲಸ ಇವುಗಳ ಮೇಲೆ ಜಡ್ಜ್ ಹಿಂದೆ ಸರಿಯಬೇಕು ಅಂದರೆ ಈ ಕೋರ್ಟಿನಲ್ಲಿ ಯಾರೂ ಈ ಕೇಸು ಕೇಳುವ ಹಾಗಿಲ್ಲ. ಯಾಕಂದರೆ ಪ್ರತಿಯೊಬ್ಬ ಜಡ್ಜೂ ಗಂಡೋ ಹೆಣ್ಣೋ ಆಗಿರುತ್ತಾರೆ. ಅವರಲ್ಲಿ ಎಷ್ಟೋ ಜನ ದೊಡ್ಡ ವಕೀಲರ ಸಂಸ್ಥೆಗಳಿಂದಲೇ ಬಂದವರು.

ನನಗೆ ಇದು ಅವರ ಬೇರೆ ಎಲ್ಲ ತೀರ್ಪಿಗಿಂತ ದೊಡ್ಡದು ಅನ್ನಿಸುತ್ತೆ. ಗಂಡಸು ಜಡ್ಜ್ ಗಂಡಸರ ಸಂಸ್ಥೆಯ ಕೇಸು ಕೇಳಿದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಅನುಮಾನ ಬಂದದ್ದು ಹೆಂಗಸು ಕೂತಾಗ ಮಾತ್ರ. ಆ ಅನುಮಾನಕ್ಕೆ ಕೋರ್ಟಿನ ಆದೇಶದಲ್ಲೇ ಉತ್ತರ ಬರೆಯಲು ಪೀಠದಲ್ಲಿ ಕೂತವರೇ ಬೇಕು. ವಕೀಲರ ಕುರ್ಚಿಯಿಂದ ಅದು ಆಗಲ್ಲ. ಸಂಸ್ಥೆ 1977ರಲ್ಲಿ ರಾಜಿಗೆ ಬಂತು.

ಹಡ್ಸನ್ ದಂಡೆ

ಇದಕ್ಕೆ ಒಂದು ಬಾಲ. 2022ರಲ್ಲಿ ಕೆಟಾಂಜಿ ಬ್ರೌನ್ ಜ್ಯಾಕ್ಸನ್ ಅಮೆರಿಕದ ಸುಪ್ರೀಂ ಕೋರ್ಟಿಗೆ ಮೊದಲ ಕರಿಯ ಮಹಿಳೆಯಾಗಿ ಹೆಸರಾದಾಗ ತಮ್ಮ ಮೊದಲ ಭಾಷಣದಲ್ಲಿ ನೆನೆದದ್ದು ಮಾಟ್ಲಿಯನ್ನು. ಇಬ್ಬರೂ ಹುಟ್ಟಿದ್ದು ಸೆಪ್ಟೆಂಬರ್ 14, ಸರಿಯಾಗಿ 49 ವರ್ಷ ಅಂತರ. ಜ್ಯಾಕ್ಸನ್ ಕೂಡ ಜಿಲ್ಲಾ ಪೀಠದಲ್ಲಿ ವರ್ಷಗಟ್ಟಲೆ ಕೂತವರು.

ಕರಿಕೋಟು

ಬ್ಲ್ಯಾಂಕ್ ಕೇಸು ಗಟ್ಟಿ ಉದಾಹರಣೆ. ಅದನ್ನು ಒಪ್ಪುತ್ತೇನೆ, ಆದರೂ ಲೆಕ್ಕ ಪೂರ್ತಿ ನಿಮ್ಮ ಕಡೆ ವಾಲಿದೆ ಅನ್ನಲಾರೆ. ಜಾರ್ಜಿಯಾ ವಿಶ್ವವಿದ್ಯಾಲಯದ ಕೇಸು ನೆನಪಿದೆಯಾ? ಹ್ಯಾಮಿಲ್ಟನ್ ಹೋಮ್ಸ್, ಶಾರ್ಲೇನ್ ಹಂಟರ್ ಅನ್ನುವ ಇಬ್ಬರು ಕರಿಯ ವಿದ್ಯಾರ್ಥಿಗಳ ಪರ ಮಾಟ್ಲಿ ಮತ್ತು ಡೊನಾಲ್ಡ್ ಹಾಲೋವೆಲ್. ಸೀಟಿಲ್ಲ, ಹಾಸ್ಟೆಲ್ ಭರ್ತಿ ಅಂತ ವಿಶ್ವವಿದ್ಯಾಲಯ ಹೇಳುತ್ತಾ ಬಂತು. ಆಗಷ್ಟೇ ಕಾನೂನು ಓದು ಮುಗಿಸಿದ್ದ ವರ್ನನ್ ಜೋರ್ಡನ್ ಪ್ರವೇಶ ವಿಭಾಗದ ಕಡತಗಳ ರಾಶಿಯಲ್ಲಿ ಕೂತು ಹುಡುಕಿ ಹುಡುಕಿ, ಅದೇ ಸ್ಥಿತಿಯಲ್ಲಿದ್ದ ಒಬ್ಬ ಬಿಳಿಯ ಹುಡುಗಿಗೆ ಸೀಟು ಕೊಟ್ಟ ಕಾಗದ ಹಿಡಿದರು. 1961ರ ಜನವರಿ 6ಕ್ಕೆ ಜಡ್ಜ್ ವಿಲಿಯಂ ಬೂಟಲ್ ಇಬ್ಬರನ್ನೂ ಸೇರಿಸಿಕೊಳ್ಳಿ ಅಂದರು. ಈ ಥರ ಕಡತಕ್ಕೆ ಕೈ ಹಾಕಿ ಹುಡುಗರನ್ನು ಪಳಗಿಸುವ ಹಿರಿಯರು ಕಚೇರಿಯಲ್ಲಿ ಉಳಿಯಬೇಕು. ಪೀಠ ಏರಿದವರ ಹತ್ತಿರ ಆ ಕಲಿಕೆ ಸಿಗಲ್ಲ. ನನ್ನ ಬೇಸರ ಅದು.

ಪ್ರಶ್ನೆಪತ್ರಿಕೆ

ಇದೇ ನನ್ನ ಪ್ರಶ್ನೆಗೂ ಬರುತ್ತೆ. ಮುಂದಿನ ವರ್ಷ ಪದವಿ ಮುಗಿಯುತ್ತೆ. ಮನೆಯಲ್ಲಿ ಸಿವಿಲ್ ಜಡ್ಜ್ ಪರೀಕ್ಷೆ ಬರಿ ಅಂತಾರೆ. ನನಗೆ ಕಾರ್ಮಿಕರ ಕೇಸು ನಡೆಸುವ ಆಸೆ. ಎರಡರಲ್ಲಿ ಯಾವುದು ಅಂತ ಇನ್ನೂ ಗೊತ್ತಿಲ್ಲ.

ಹಳೇಮೈಸೂರು

ಸದ್ಯಕ್ಕೆ ತಲೆ ಕೆಡಿಸಿಕೊಳ್ಳಬೇಡಮ್ಮ. 2025ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪು ಆದ ಮೇಲೆ ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷ ವಕೀಲಿ ಮಾಡಿರಬೇಕು. ಆ ಮೂರು ವರ್ಷ ಕಾರ್ಮಿಕ ನ್ಯಾಯಾಲಯದಲ್ಲೇ ಮಾಡು. ಒಳ್ಳೆ ಸೀನಿಯರ್ ಹುಡುಕಿಕೋ. ಸಂಬಳ ಕಡಿಮೆ ಕೊಟ್ಟರೂ ಪರವಾಗಿಲ್ಲ, ಸಾಕ್ಷಿ ವಿಚಾರಣೆಗೆ ಕೈ ಹಾಕಲು ಬಿಡುವವರಾಗಿರಬೇಕು.

ಕರಿಕೋಟು

ಬಸ್ ಚಾರ್ಜಿಗಾದರೂ ಸಾಕಾಗುವಷ್ಟು ಕೊಡುವವರನ್ನು ನೋಡಿಕೋ, ಇವರ ಮಾತು ಪೂರ್ತಿ ಕೇಳಬೇಡ. ನಮ್ಮ ಕಡೆ ಕಾರ್ಮಿಕರ ಕೇಸು ನಡೆಸುವ ಇಬ್ಬರು ಹಿರಿಯ ವಕೀಲೆಯರು ಗೊತ್ತು. ಇಲ್ಲಿ ಹೆಸರು ಹಾಕಲ್ಲ, ಮೆಸೇಜ್ ಮಾಡು.

ಬೆಣ್ಣೆದೋಸೆ

ನೋಡಿ, ಮೂರು ದಿನ ಜಗಳ ಆಡಿ ಕೊನೆಗೆ ಕರಿಕೋಟು ಸಾಹೇಬರೇ ಒಬ್ಬ ಜಡ್ಜ್‌ನ ತಯಾರು ಮಾಡಲು ಹೊರಟರು.

ಪ್ರಶ್ನೆಪತ್ರಿಕೆ

ಜಡ್ಜ್ ಅಂತ ಯಾರು ಹೇಳಿದರು ಸಾರ್? ಮೆಸೇಜ್ ಕಳಿಸಿದ್ದೇನೆ ಕರಿಕೋಟು ಸಾರ್, ನೋಡಿ.